ಶಾಲೆಯಲ್ಲಿ ಟಿಡಿ ಲಸಿಕೆ: ಪಾಲಕರ ತಕರಾರುಗಳಿಗೆ ಸರಿಯಾದ ಉತ್ತರ ಬೇಕು

ಎಡದಂಡೆ ಎಸ್‌ಡಿಎಂಸಿ (ಗಂಗಾವತಿ ತಾಲ್ಲೂಕು, ಕೊಪ್ಪಳ) ಕೇಳಿದ್ದು:

ಪ್ರಾಥಮಿಕ, ಪ್ರೌಢ ಎರಡೂ ಒಂದೇ ಆವರಣದಲ್ಲಿರುವ ಸರ್ಕಾರಿ ಶಾಲೆ. 5ನೇ ಮತ್ತು 10ನೇ ತರಗತಿ ಮಕ್ಕಳಿಗೆ ಟಿಡಿ (ಧನುರ್ವಾಯು, ಗಂಟಲುಮಾರಿ ತಡೆಯುವ) ಚುಚ್ಚುಮದ್ದು ಹಾಕಲು ಪಿಎಚ್‌ಸಿಯಿಂದ ಬರುವವರಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಅರ್ಧ ಪಾಲಕರು ಬೇಡ ಅಂದರು. ಅವರ ಮಾತು ಹೀಗಿದೆ: ಕೋವಿಡ್ ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ಕಂಪನಿಯೇ ಕೋರ್ಟಿನಲ್ಲಿ ಒಪ್ಪಿದೆ, ಇದೂ ಅಂಥದ್ದೇ. ಬಳ್ಳಾರಿಯಲ್ಲಿ ಬಾಣಂತಿಯರ ಜೀವ ತೆಗೆದ ಡ್ರಿಪ್ ಬಾಟಲಿ ತಂದ ಇಲಾಖೆಯೇ ಇದನ್ನೂ ತರುತ್ತಿದೆ. ಈ ಬಿಸಿಲಿನಲ್ಲಿ ಔಷಧ ಕೆಡದೆ ಇರುತ್ತದೆಯೇ? ಇದರ ನಡುವೆ ನೆಗಡಿ ಜ್ವರ ಹರಡಿದೆ ಎಂದು ಇಬ್ಬರು ಶಿಕ್ಷಕರು ಮಾಸ್ಕ್ ಕಡ್ಡಾಯ ಮಾಡೋಣ ಅನ್ನುತ್ತಿದ್ದಾರೆ. ಪಾಲಕರನ್ನು ಗದರಿಸಿ ಕೂಡಿಸುವ ಉತ್ತರ ಬೇಡ. ಅವರ ಮುಂದೆ ಇಟ್ಟು ಮಾತಾಡಬಹುದಾದ ವಿವರ ಬೇಕು.

ಔಷಧ ಕಾಯ್ದೆ, ಬಳ್ಳಾರಿ ಉತ್ತರಿಸಿದ್ದು:

ಪಾಲಕರ ಸಿಟ್ಟಿಗೆ ಕಾರಣ ಇದೆ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಮಾತು ಬಿಡಿಸಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಸಂಶಯ ಅವರಿಗೆ ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಹೋಯಿತು. ರಾಜ್ಯದ ಔಷಧ ನಿಯಂತ್ರಕರ ಅಮಾನತೂ ಆಯಿತು. ಜನರನ್ನು ಹೆಚ್ಚು ಗೊಂದಲಕ್ಕೆ ತಳ್ಳಿದ್ದು, ರಾಜ್ಯದ ಪ್ರಯೋಗಾಲಯ ಗುಣಮಟ್ಟ ಇಲ್ಲ ಎಂದ ಕೆಲವು ಬ್ಯಾಚ್‌ಗಳನ್ನು ಕೇಂದ್ರ ಪ್ರಯೋಗಾಲಯ ಸರಿ ಇದೆ ಎಂದದ್ದು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 25ನೇ ಕಲಂ ಪ್ರಕಾರ ಸರ್ಕಾರಿ ವಿಶ್ಲೇಷಕರ ವರದಿಯನ್ನು 28 ದಿನಗಳೊಳಗೆ ಪ್ರಶ್ನಿಸಬಹುದು. ಆಗ ಕೋರ್ಟಿನ ಬಳಿ ಇರುವ ಅದೇ ಮಾದರಿಯ ಪಾಲು ಕೇಂದ್ರ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ವರದಿಯೇ ಕೊನೆಯ ಮಾತು. ಮಾದರಿ ತೆಗೆಯುವಾಗಲೇ ಪಾಲು ಮಾಡಿ ಮೊಹರು ಹಾಕುವುದು ಇದಕ್ಕಾಗಿ. ಆದರೆ ಒಂದು ಬ್ಯಾಚ್‌ನಲ್ಲಿ ಸಾವಿರಾರು ಬಾಟಲಿ ಇರುತ್ತವೆ. ಕೆಲವೇ ಬಾಟಲಿಗಳಲ್ಲಿ ಸೂಕ್ಷ್ಮ ಬಿರುಕಿದ್ದರೆ ಒಂದು ಪಾಲಿನಲ್ಲಿ ದೋಷ ಸಿಗಬಹುದು, ಇನ್ನೊಂದರಲ್ಲಿ ಸಿಗದಿರಬಹುದು.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದರ ಗೋಡೆಯ ವಿಷ, ಅಂದರೆ ಎಂಡೋಟಾಕ್ಸಿನ್, ಉಳಿಯುತ್ತದೆ. ಆಟೋಕ್ಲೇವ್‌ನ ಉಗಿಗೆ ಅದು ಹೋಗುವುದಿಲ್ಲ. ಹಾಗಾಗಿ ಸ್ಟೆರಿಲಿಟಿ ಪರೀಕ್ಷೆಯಲ್ಲಿ (ಜೀವಂತ ಸೂಕ್ಷ್ಮಾಣು ಇದೆಯೇ ಎಂದು ನೋಡುವುದು) ಪಾಸಾದ ದ್ರಾವಣವೂ ರಕ್ತನಾಳಕ್ಕೆ ಲೀಟರ್‌ಗಟ್ಟಲೆ ಹೋದಾಗ ನಡುಕ, ಬಿಪಿ ಕುಸಿತ, ಮೂತ್ರಪಿಂಡದ ತೊಂದರೆ ತರಬಲ್ಲದು. ಸ್ಟೆರಿಲಿಟಿ ಪರೀಕ್ಷೆಗೆ 14 ದಿನ ಕಾವು ಕೊಡಬೇಕು. "ನಾಳೆ ಲ್ಯಾಬ್ ರಿಪೋರ್ಟ್ ಕೊಡಿ" ಅಂದರೆ ಆಗದ ಮಾತು.

ಲಸಿಕೆಯ ದಾರಿ ಬೇರೆ. ಡ್ರಿಪ್ ಬಾಟಲಿಯನ್ನು ರಾಜ್ಯ ತನ್ನ ನಿಗಮದ ಮೂಲಕ ಟೆಂಡರ್ ಕರೆದು ಕೊಳ್ಳುತ್ತದೆ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಲಸಿಕೆಯನ್ನು ಕೊಳ್ಳುವುದು ಕೇಂದ್ರ. ಪ್ರತಿ ಬ್ಯಾಚ್‌ನ ಮಾದರಿ, ತಯಾರಿಕೆಯ ದಾಖಲೆ ಹಿಮಾಚಲದ ಕಸೌಲಿಯ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗಿ, ಬಿಡುಗಡೆ ಪತ್ರ ಬಂದ ಮೇಲೆ ಸರಕು ಹೊರಡುತ್ತದೆ. ಒಂದು ಡೋಸ್ ಅರ್ಧ ಮಿಲಿ, ಹೋಗುವುದು ತೋಳಿನ ಸ್ನಾಯುವಿಗೆ. ನೀವು ಕೇಳಬೇಕಾದದ್ದು ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು. ಮೂರೂ ವಯಲ್ (ಲಸಿಕೆಯ ಸಣ್ಣ ಬಾಟಲಿ) ಮೇಲೆಯೇ ಇರುತ್ತವೆ. ಬರೆದು ಶಾಲೆಯ ಫಲಕದಲ್ಲಿ ಹಾಕಿ.

ಕೋವಿಡ್ ಮಾತು. ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಬಳಕೆಯ ಸೀಮಿತ ಅನುಮತಿ ಪ್ರಕಟವಾದದ್ದು 2021ರ ಜನವರಿ 3ರಂದು. ಆ ಹೊತ್ತಿಗೆ ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗ ಇನ್ನೂ ನಡೆದಿತ್ತು. "ಕ್ಲಿನಿಕಲ್ ಟ್ರಯಲ್ ಮೋಡ್" ಎಂಬ ಷರತ್ತು ಹಾಕಿದ್ದು ಅದಕ್ಕೇ. 77.8% ಎಂಬ ಪರಿಣಾಮಕಾರಿತ್ವ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆಗ ಅವಸರ ಆಯಿತು ಎಂದ ತಜ್ಞರು ಲಸಿಕೆಯ ವಿರೋಧಿಗಳಾಗಿರಲಿಲ್ಲ. ಅವರನ್ನೂ ಅದೇ ಗುಂಪಿಗೆ ಸೇರಿಸಿ ಬೈದದ್ದು ತಪ್ಪು, ಆ ತಪ್ಪಿನ ಫಲವನ್ನೇ ಇವತ್ತು ಟಿಡಿ ಉಣ್ಣುತ್ತಿದೆ.

ರಕ್ತ ಹೆಪ್ಪುಗಟ್ಟುವ ತೊಂದರೆ (ಟಿಟಿಎಸ್) ನಿಜ, ಬಹಳ ಅಪರೂಪ. ಬ್ರಿಟನ್ನಿನ ಕೋರ್ಟಿಗೆ ಕಂಪನಿ ಸಲ್ಲಿಸಿದ ಉತ್ತರ ಸುದ್ದಿಯಾದದ್ದು 2024ರಲ್ಲಿ. ಯುರೋಪಿನ ನಿಯಂತ್ರಕರು ಅದನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿದ್ದು 2021ರ ಏಪ್ರಿಲ್‌ನಲ್ಲೇ. ಅದು ಕೋವಿಶೀಲ್ಡ್‌ನಂತೆ ಅಡಿನೋವೈರಸ್ ಎಂಬ ವೈರಸ್ಸನ್ನು ವಾಹಕವಾಗಿ ಬಳಸುವ ಲಸಿಕೆಗೆ ಅಂಟಿದ ತೊಂದರೆ. ಟಿಡಿಯಲ್ಲಿ ವೈರಸ್ಸೇ ಇಲ್ಲ. ಧನುರ್ವಾಯು, ಗಂಟಲುಮಾರಿ ಎರಡರ ವಿಷವನ್ನು ಹಾನಿ ಮಾಡದಂತೆ ನಿಷ್ಕ್ರಿಯಗೊಳಿಸಿ ಅಲ್ಯೂಮಿನಿಯಂ ಲವಣಕ್ಕೆ ಕೂರಿಸಿದ್ದು, ಅಷ್ಟೇ. ಚಿಕ್ಕಂದಿನ ಡಿಪಿಟಿ, ಪೆಂಟಾ ಲಸಿಕೆಗಳ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೇ 10 ಮತ್ತು 16ನೇ ವಯಸ್ಸಿಗೆ ಇದು.

ಐಎಲ್‌ಆರ್ ರಾಯಚೂರು ಉತ್ತರಿಸಿದ್ದು:

ಬಿಸಿಲಿಗೆ ಲಸಿಕೆ ಕೆಡ್ತದ ಅಂತ ಎಲ್ಲಾರೂ ಅಂಜತಾರ. ಟಿಡಿ ವಿಷಯದಾಗ ಅದಕ್ಕಿಂತ ಹೆಚ್ಚು ಅಂಜಬೇಕಾದ್ದು ಐಸಿಗೆ. ಅಲ್ಯೂಮಿನಿಯಂ ಇರೋ ಲಸಿಕೆ ಒಮ್ಮೆ ಹೆಪ್ಪುಗಟ್ಟಿದ್ರ ಕಣ ಗಂಟು ಕಟ್ತಾವ, ಕರಗಿಸಿದ್ರೂ ಶಕ್ತಿ ಹೋಗಿರ್ತದ. ಟಿಡಿ, ಪೆಂಟಾ, ಹೆಪಟೈಟಿಸ್-ಬಿ ಎಲ್ಲಾ ಹಂಗ.

ಪಿಎಚ್‌ಸಿಯಾಗ ಐಎಲ್‌ಆರ್ (ಲಸಿಕೆ ಇಡೋ ಫ್ರಿಜ್) +2ರಿಂದ +8 ಡಿಗ್ರಿಯೊಳಗ ಇರಬೇಕು. ಅದರ ತಳ ಭಾಳ ತಂಪು, ಟಿಡಿ ಯಾವಾಗಲೂ ಬುಟ್ಟಿಯಾಗ, ಮ್ಯಾಲಿನ ಭಾಗದಾಗ. ದಿನಕ್ಕ ಎರಡು ಸಲ ಉಷ್ಣಾಂಶ ಬರದಿರತಾರ, ಇವಿನ್ ಲಾಗರ್ (ಉಷ್ಣಾಂಶ ತಾನೇ ದಾಖಲಿಸೋ ಯಂತ್ರ) ಬ್ಯಾರೆ ಇರ್ತದ. ಕರೆಂಟ್ ದಿನಕ್ಕ 8 ತಾಸು ಸಿಕ್ಕರೂ ಐಎಲ್‌ಆರ್ ತಂಪು ಹಿಡಕೊಂಡಿರ್ತದ, ಆದ್ರ ಮುಚ್ಚಳ ತಗಿದ್ರ ಇಲ್ಲ.

ತಪ್ಪು ಆಗೋದು ಹೊರಗ ಒಯ್ಯೋವಾಗ. ಡೀಪ್ ಫ್ರೀಜರ್‌ನಿಂದ ಐಸ್‌ಪ್ಯಾಕ್ ತಗದು ಹಂಗ ಕ್ಯಾರಿಯರ್‌ನಾಗ (ಲಸಿಕೆ ಒಯ್ಯೋ ಪೆಟ್ಟಿಗಿ) ಇಟ್ರ, ಅದು −15ರಿಂದ −25 ಡಿಗ್ರಿ ತಂಪಿನಿಂದ ಬಂದಿದ್ದು, ವಯಲ್ ಅದಕ್ಕ ತಾಗಿದಲ್ಲೇ ಹೆಪ್ಪುಗಟ್ತದ. ಮೊದಲು ಟೇಬಲ್ ಮ್ಯಾಲ ಹರವಿ ಇಡಬೇಕು. ಕಿವಿ ಹತ್ರ ಹಿಡದು ಅಲ್ಲಾಡಿಸಿದ್ರ ಒಳಗ ನೀರಿನ ಸಪ್ಪಳ ಬರಬೇಕು, ಮ್ಯಾಲಿನ ಹನಿ ಒರಸಬೇಕು, ಆಮ್ಯಾಲ ನಾಲ್ಕು ಪ್ಯಾಕ್ ನಾಲ್ಕು ಗೋಡಿಗೆ. ವಯಲ್ ಜಿಪ್ ಕವರ್‌ನಾಗ ನಡುವ. ಅವಸರ ಇದ್ದ ದಿನ ಬಿಟ್ಟು ಹೋಗೋ ಕೆಲಸ ಇದೇ ನೋಡ್ರಿ.

ಹೆಪ್ಪುಗಟ್ಟಿತ್ತು ಅಂತ ಸಂಶಯ ಬಂದ್ರ ಶೇಕ್ ಟೆಸ್ಟ್ ಅದ. ಅದೇ ತಯಾರಕರ ಅದೇ ಬ್ಯಾಚ್‌ನ ಒಂದು ವಯಲ್ ಬೇಕಂತ ಹೆಪ್ಪುಗಟ್ಟಿಸಿ ಕರಗಿಸಿ ಹೋಲಿಕಿಗೆ ಇಟ್ಟುಕೊಳ್ರಿ. ಎರಡೂ ಕೂಡಿಸಿ ಹಿಡದು ಅಲ್ಲಾಡಿಸಿ ಸಮ ಜಾಗದಾಗ ಇಡ್ರಿ. ಸಂಶಯದ ವಯಲ್‌ನ ಗಸಿ ಹೋಲಿಕಿ ವಯಲ್‌ನಷ್ಟೇ ಲಗೂ ತಳಕ್ಕ ಕುಂತ್ರ, ಚೆಲ್ರಿ. ಗಡ್ಡಿ ಆಗಿದ್ದು ಕಣ್ಣಿಗೇ ಕಂಡ್ರ ಪರೀಕ್ಷೆ ಬ್ಯಾಡ, ನೇರ ಚೆಲ್ಲೋದು.

ಬಿಸಿಲಿನ ಲೆಕ್ಕ ವಯಲ್ ಮ್ಯಾಲಿನ ವಿವಿಎಂ (ಶಾಖಕ್ಕ ಬಣ್ಣ ಬದಲಾಗೋ ಗುರುತು) ಹೇಳ್ತದ. ದುಂಡಗಿನ ವೃತ್ತದೊಳಗ ಸಣ್ಣ ಚೌಕ ಅದ. ಚೌಕ ವೃತ್ತಕ್ಕಿಂತ ತಿಳಿ ಇದ್ರ ಬಳಸಬಹುದು. ಎರಡರದೂ ಬಣ್ಣ ಒಂದಾದ್ರ ಅಥವಾ ಚೌಕ ಗಾಢ ಆದ್ರ ಬಳಸಂಗಿಲ್ಲ. ಇದನ್ನ ಪಾಲಕರಿಗೆ ತೋರಿಸ್ರಿ, ಅವರ ಕಣ್ಣಿಗೆ ಕಾಣೋ ಪುರಾವೆ ಇದು. ಆದ್ರ ವಿವಿಎಂ ಶಾಖ ಅಷ್ಟೇ ಹೇಳ್ತದ, ಹೆಪ್ಪುಗಟ್ಟಿದ್ದು ಹೇಳಂಗಿಲ್ಲ.

ತೆರೆದ ಟಿಡಿ ವಯಲ್ ಮೇಲೆ ದಿನಾಂಕ, ವೇಳೆ ಬರೆದಿದ್ರ, ತಂಪು ತಪ್ಪದಿದ್ರ, 28 ದಿನದತನ ಬಳಸಬಹುದು. "ಹಳೇ ಬಾಟ್ಲಿ ತಂದಾರ" ಅಂತ ಜಗಳ ಆಗೋದು ಇಲ್ಲೇ, ಮೊದಲೇ ತಿಳಿಸಿ ಹೇಳ್ರಿ. ಎಂಆರ್ (ದಡಾರ-ರುಬೆಲ್ಲಾ), ಬಿಸಿಜಿ (ಕ್ಷಯ) ಲಸಿಕೆಗೆ ಈ ಸವಲತ್ತು ಇಲ್ಲ, 4 ತಾಸಿಗೆ ಚೆಲ್ಲಬೇಕು.

ಎಡದಂಡೆ ಎಸ್‌ಡಿಎಂಸಿ:

ಇಬ್ಬರಿಗೂ ಧನ್ಯವಾದ. ವಿವಿಎಂ ಮಾತು ಸಭೆಯಲ್ಲಿ ಕೆಲಸಕ್ಕೆ ಬರುತ್ತದೆ. ಮಾಸ್ಕ್ ಬಗ್ಗೆ ಯಾರಾದರೂ? ಮತ್ತೆ, ಸೂಜಿ ಹಾಕಿದ ಮೇಲೆ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬವಳಿ ಬಂದು ಬೀಳುತ್ತಾರೆ ಎಂಬ ಅಂಜಿಕೆಯೂ ಇದೆ.

ಕಿಟಕಿ ತೆಗೆಯಿರಿ, ಕೊಪ್ಪಳ ಉತ್ತರಿಸಿದ್ದು:

ಮಾಸ್ಕ್ ಕಡ್ಡಾಯ ಮಾಡುವ ಅಧಿಕಾರ ಎಸ್‌ಡಿಎಂಸಿಗೆ ಇಲ್ಲ. ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರಲ್ಲಿ ಬಂತು, ನಿಯಮ ಮಾಡುವುದು ಸರ್ಕಾರ. ಆಗಿನ 250 ಮತ್ತು 100 ರೂಪಾಯಿ ದಂಡವೂ ಸರ್ಕಾರದ ಆದೇಶದಿಂದ ಬಂದದ್ದು. ನೀವು ಸಲಹೆ ಕೊಡಬಹುದು, ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ.

ವಯಸ್ಸು ನೋಡಿ. ಕೋವಿಡ್ ಕಾಲದಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿದ್ದು: 5 ವರ್ಷದವರೆಗೆ ಮಾಸ್ಕ್ ಬೇಡ, 6ರಿಂದ 11ರ ಮಕ್ಕಳಿಗೆ ದೊಡ್ಡವರ ಕಣ್ಗಾವಲಿನಲ್ಲಿ, ಅವರಿಗೆ ಸರಿಯಾಗಿ ಹಾಕಲು ಬಂದರೆ, 12 ದಾಟಿದವರಿಗೆ ದೊಡ್ಡವರಂತೆ. ನಿಮ್ಮ 5ನೇ ತರಗತಿ ಆ ನಡುವಿನ ಗುಂಪು.

ಕೆಲಸ ಮಾಡುತ್ತದೆಯೇ? ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಸರಿಯಾಗಿ ಮಾಸ್ಕ್ ಹಾಕುವವರು 13%ರಿಂದ 42%ಕ್ಕೆ ಏರಿದರು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣಸಹಿತ ಕೋವಿಡ್ ಸೋಂಕು ಸುಮಾರು 11% ಇಳಿಯಿತು, 60 ದಾಟಿದವರಲ್ಲಿ 35%. ಬಟ್ಟೆ ಮಾಸ್ಕ್‌ನಿಂದ ಸ್ಪಷ್ಟ ಲಾಭ ಸಿಗಲಿಲ್ಲ. ಅವರೆಲ್ಲ ವಯಸ್ಕರು, ತರಗತಿಯ ಮಕ್ಕಳಲ್ಲ. 2023ರ ಕಾಕ್ರೇನ್ ವಿಮರ್ಶೆಯನ್ನು (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ) "ಮಾಸ್ಕ್ ಸುಳ್ಳು" ಎಂದು ಹಂಚಿದರು. ಅದರ ಪ್ರಧಾನ ಸಂಪಾದಕಿಯೇ ಆ ಓದು ತಪ್ಪು, ಸಿಕ್ಕ ಪುರಾವೆಯಿಂದ ತೀರ್ಮಾನಕ್ಕೆ ಬರಲಾಗದು ಎಂದು ತಿದ್ದಿದರು. ಎರಡೂ ಕಡೆಯವರು ಪುರಾವೆ ಹೇಳುವುದಕ್ಕಿಂತ ಜಾಸ್ತಿ ಹೇಳುತ್ತಿದ್ದಾರೆ.

ಸರ್ಜಿಕಲ್ ಮಾಸ್ಕ್‌ನ ನಡುವಿನ ಮೆಲ್ಟ್‌ಬ್ಲೋನ್ ಪದರ ಸ್ಥಿರ ವಿದ್ಯುತ್ತಿನಿಂದ ಕಣ ಹಿಡಿಯುತ್ತದೆ. ಸೋಪು ಹಾಕಿ ಒಗೆದರೆ ಆ ಶಕ್ತಿ ಕುಗ್ಗುತ್ತದೆ. ನಮ್ಮ ಬಿಸಿಲಿಗೆ ಬೆವರಿನಿಂದ ಮಧ್ಯಾಹ್ನದೊಳಗೆ ತೊಯ್ದು, ಉಸಿರಾಟಕ್ಕೆ ಭಾರವಾಗಿ, ಗದ್ದಕ್ಕೆ ಇಳಿಯುತ್ತದೆ. ಊಟದ ನಂತರಕ್ಕೆ ಎರಡನೆಯದು ಕೊಡಲಾಗದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ನನ್ನ ಮಾತು ಕೇಳಿದರೆ ದುಡ್ಡನ್ನು ಗಾಳಿಗೆ ಹಾಕಿ. ಎದುರುಬದುರು ಕಿಟಕಿ ತೆಗೆಯಿರಿ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರ ಹಾಕುವುದಿಲ್ಲ. 6 ಮೀಟರ್ ಉದ್ದ, 6 ಅಗಲ, 3 ಎತ್ತರದ ಕೋಣೆಯಲ್ಲಿ 108 ಘನ ಮೀಟರ್ ಗಾಳಿ ಇರುತ್ತದೆ. ತಾಸಿಗೆ ಆರು ಸಲ ಬದಲಾಗಬೇಕಾದರೆ 648 ಘನ ಮೀಟರ್. ಎಕ್ಸಾಸ್ಟ್ ಫ್ಯಾನ್ ಪೆಟ್ಟಿಗೆಯ ಮೇಲೆ ಈ ಅಂಕಿ ಬರೆದಿರುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಿ. ಫ್ಯಾನ್ ಪಕ್ಕದ ಕಿಟಕಿ ಮುಚ್ಚಿ, ಎದುರಿನದು ತೆಗೆದಿರಲಿ. ಪಕ್ಕದ್ದು ತೆಗೆದಿದ್ದರೆ ಗಾಳಿ ಅಲ್ಲಿಂದಲೇ ಒಳಗೆ ಬಂದು ಅಲ್ಲಿಂದಲೇ ಹೋಗುತ್ತದೆ. ಜ್ವರ, ಕೆಮ್ಮು ಇರುವ ಮಗು ಮನೆಯಲ್ಲಿರಲಿ. 2025ರ ಮೇ ಕೊನೆಯಲ್ಲಿ ರಾಜ್ಯದ ಸುತ್ತೋಲೆ ಹೇಳಿದ್ದೂ ಅದನ್ನೇ.

ಐಎಲ್‌ಆರ್ ರಾಯಚೂರು ಉತ್ತರಿಸಿದ್ದು:

ಬವಳಿ ಬರೋದು ಔಷಧಕ್ಕಿಂತ ಹೆದರಿಕಿಗೆ. ಒಬ್ಬರು ಬಿದ್ದದ್ದು ನೋಡಿ ಉಳಿದವರೂ ಬೀಳತಾರ. ಖಾಲಿ ಹೊಟ್ಟಿ, ಬಿಸಿಲಾಗ ನಿಂತ ಸಾಲು, ಮುಂದಿನವರ ಸೂಜಿ ಕಾಣೋದು, ಈ ಮೂರು ತಪ್ಪಿಸ್ರಿ. ಊಟ ಆದ ಮ್ಯಾಲ ಹಾಕ್ರಿ. ಕಾಯೋ ಕೋಣಿ, ಹಾಕೋ ಕೋಣಿ, ಕೂಡೋ ಕೋಣಿ ಬ್ಯಾರೆ ಬ್ಯಾರೆ. ಕುಂದ್ರಿಸಿ ಹಾಕಬೇಕು, 30 ನಿಮಿಷ ಅಲ್ಲೇ ಇಟ್ಟುಕೋಬೇಕು.

ಬವಳಿ ಬಂದ್ರ ಮುಖ ಬಿಳಿಚಿ, ಮೈ ತಣ್ಣಗಾಗಿ, ನಾಡಿ ನಿಧಾನ ಆಗ್ತದ. ಮಲಗಿಸಿ ಕಾಲು ಎತ್ತಿದ್ರ ಎರಡು ನಿಮಿಷಕ್ಕ ಎಚ್ಚರ. ಅನಾಫಿಲಾಕ್ಸಿಸ್ (ಜೀವಕ್ಕ ಅಪಾಯ ತರೋ ಅಲರ್ಜಿ) ಬ್ಯಾರೆ: ಮೈಮ್ಯಾಲ ದದ್ದು, ತುಟಿ ಕಣ್ಣು ಬಾವು, ಉಸಿರಿನಾಗ ಸೀಟಿ, ನಾಡಿ ಜೋರು ಆದ್ರ ಬಲ ಇಲ್ಲ. ಮಲಗಿಸಿದ್ರೂ ಸುಧಾರಿಸಂಗಿಲ್ಲ. ಅದಕ್ಕ ಆರೋಗ್ಯ ಸಿಬ್ಬಂದಿ ತೊಡಿ ಹೊರಮಗ್ಗಲಿನ ಸ್ನಾಯುವಿಗೆ 1:1000 ಅಡ್ರಿನಲಿನ್ ಕೊಡಬೇಕು, ಕಿಲೋ ತೂಕಕ್ಕ 0.01 ಮಿಲಿ, ಭಾಳಂದ್ರ 0.5. ಕಿಟ್ಟಿನಾಗ ಆಂಪೂಲ್ ಐತೋ ಇಲ್ಲೋ, ಅವಧಿ ಮುಗದದೋ ಅಂತ ಶುರು ಮಾಡೋ ಮುಂಚೆ ನೋಡ್ರಿ. ಆಂಬುಲೆನ್ಸ್ ಬರೋ ದಾರ್‍ಯಾಗ ಟ್ರ್ಯಾಕ್ಟರ್ ನಿಲ್ಲಿಸಗೊಡಬ್ಯಾಡ್ರಿ.

ಏನೇ ಗಂಭೀರ ಆದ್ರೂ ಕೂಡಲೇ ವೈದ್ಯಾಧಿಕಾರಿಗೆ ತಿಳಿಸಬೇಕು, 24 ತಾಸಿನೊಳಗ ಜಿಲ್ಲಾ ಲಸಿಕಾಧಿಕಾರಿಗೆ ವರದಿ ಹೋಗ್ತದ. ವಯಲ್ ಚೆಲ್ಲಬ್ಯಾಡ್ರಿ, ತಂಪಿನಾಗ ಇಡ್ರಿ, ತನಿಖೆಗೆ ಬೇಕು.

ಒಪ್ಪಿಗೆ ಚೀಟಿ ಕನ್ನಡದಾಗ, ಸಹಿ ಇಲ್ಲಾಂದ್ರ ಹೆಬ್ಬೆಟ್ಟು. ಯಾರಿಗೂ ಒತ್ತಾಯದಿಂದ ಲಸಿಕೆ ಹಾಕಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೋವಿಡ್ ಪ್ರಕರಣದಾಗ ಹೇಳೇದ, ಅಡ್ಡಪರಿಣಾಮದ ವರದಿ ಜನರಿಗೆ ಸಿಗಬೇಕು ಅಂತನೂ ಹೇಳೇದ. ಬ್ಯಾಡ ಅಂದವರ ಹೆಸರು ಬ್ಯಾರೆ ಹಾಳಿ ಮ್ಯಾಲ ಬರದು ಎಎನ್‌ಎಂ (ಆರೋಗ್ಯ ಸಹಾಯಕಿ) ಕೈಯಾಗ ಕೊಡ್ರಿ. ಮನಸು ಬದಲಾದ್ರ ಯಾವ ಗುರುವಾರ ಬೇಕಾದ್ರೂ ಪಿಎಚ್‌ಸಿಗೆ ಕರಕೊಂಡು ಹೋಗಬಹುದು.