ಪದಚರ್ಚೆ: ಆಸ್ಟ್ರೇಲಿಯಾದ ‘ಸೂಪರ್‌ಕಾರ್’ ಮತ್ತು ನಮ್ಮ ‘ಮಾರ್ಪಡಿಸಿದ ಕಾರು’

ಬಲ್ಲವರಲ್ಲಿ ಒಂದು ವಿಚಾರಣೆ. ಆಸ್ಟ್ರೇಲಿಯಾದ ವೇಗದ ಕಾರುಗಳ ಚರಿತ್ರೆ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅವುಗಳನ್ನು ‘ಮಾರ್ಪಡಿಸಿದ ಕಾರು’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ನಮ್ಮ ಪತ್ರಿಕೆಗಳಲ್ಲಿ ಈ ಮಾತು ಹೆಚ್ಚಾಗಿ ಕಾಣಿಸುವುದು, ಕರ್ಕಶ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಸುದ್ದಿಯಲ್ಲಿ. ಗ್ಯಾರೇಜಿನವರು ಹೇಳುವ ‘ಆಲ್ಟರ್ ಮಾಡಿಸಿದ ಗಾಡಿ’ಗೂ ಅದೇ ಕಳಂಕ.

1971ರ ಫೋರ್ಡ್ ಫಾಲ್ಕನ್ ಜಿಟಿ-ಎಚ್‌ಒ ಫೇಸ್ ತ್ರೀಯನ್ನೇ ನೋಡಿ. ನಾಲ್ಕು ಬಾಗಿಲಿನ, ಸಂಸಾರಸ್ಥರ ಸೆಡಾನ್. ಒಳಗೆ 5.8 ಲೀಟರ್‌ನ, ಎಂಟು ಸಿಲಿಂಡರ್‌ಗಳ ವಿ8 ಎಂಜಿನ್, ಹಿಂದೆ ಸುಮಾರು 164 ಲೀಟರ್ ಹಿಡಿಯುವ ಪೆಟ್ರೋಲ್ ಟ್ಯಾಂಕ್. ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಅಷ್ಟು ಪೆಟ್ರೋಲ್ ಯಾಕೆ ಬೇಕು? ಬೇಕಾದದ್ದು ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ರೇಸ್ ಟ್ರ್ಯಾಕಿನಲ್ಲಿ ನಡೆಯುತ್ತಿದ್ದ 500 ಮೈಲಿ ರೇಸಿಗೆ. ನಡುವೆ ಪೆಟ್ರೋಲಿಗೆಂದು ನಿಲ್ಲುವುದು ಕಡಿಮೆಯಾದಷ್ಟೂ ಲಾಭ. ಜನರಿಗೆ ಮಾರುವ ಕಾರೇ ರೇಸಿಗೂ ಬರಬೇಕೆಂಬುದು ಅಂದಿನ ನಿಯಮದ ತಿರುಳು. ಹಾಗಾಗಿ ರೇಸಿಗೆ ಬೇಕಾದದ್ದನ್ನೆಲ್ಲ ಮಾರಾಟದ ಕಾರಿಗೇ ತುಂಬಿ, ಅಂಥ 300 ಕಾರುಗಳನ್ನು ಕಂಪನಿಯೇ ತಯಾರಿಸಿತು. ಆ ವರ್ಷ ಅಲನ್ ಮೊಫಟ್ ಜೊತೆಗಾರನಿಲ್ಲದೆ ಇಡೀ ರೇಸ್ ಓಡಿಸಿ ಗೆದ್ದರು. ಇದನ್ನು ಆಮೇಲೆ ಯಾರೂ ಮಾರ್ಪಡಿಸಿದ್ದಲ್ಲ, ಹುಟ್ಟಿದ್ದೇ ಹಾಗೆ.

‘ಎಚ್‌ಒ’ ಎಂದರೆ ‘ಹ್ಯಾಂಡ್ಲಿಂಗ್ ಆಪ್ಷನ್’ ಎನ್ನುವುದು ಕಂಪನಿಯ ವಿವರಣೆ. ಅಭಿಮಾನಿಗಳು ಅದನ್ನು ‘ಹೈ ಔಟ್‌ಪುಟ್’ ಎಂದು ಓದುತ್ತಾರೆ. ವಿಮೆಯವರು ಹೌಹಾರದಿರಲೆಂದು ಕಂಪನಿ ಸೌಮ್ಯವಾದ ಅರ್ಥ ಕೊಟ್ಟಿತೆಂಬುದು ಅವರ ವಾದ. ಕಾರನ್ನು ನೋಡಿದರೆ ಅಭಿಮಾನಿಗಳ ಕಡೆಗೇ ನನ್ನ ಮತ.

ಇನ್ನು ‘ಸೂಪರ್‌ಕಾರ್’. ನಮಗೆ ಈ ಪದ ಕೇಳಿದರೆ ಫೆರಾರಿ, ಲ್ಯಾಂಬೋರ್ಗಿನಿ ನೆನಪಾಗುತ್ತವೆ. ಅಲ್ಲಿ ಇದು ಮೇಲೆ ಹೇಳಿದಂಥ ಸೆಡಾನ್‌ಗಳಿಗೆ ಅಂಟಿದ ಹೆಸರು, ಅದೂ ಹೆದರಿಕೆಯ ಹೆಸರು. ಗಂಟೆಗೆ 160 ಮೈಲಿ ಓಡುವ ಸೂಪರ್‌ಕಾರ್‌ಗಳು ಸದ್ಯದಲ್ಲೇ ರಸ್ತೆಗಿಳಿಯಲಿವೆ ಎಂದು 1972ರ ಜೂನ್‌ನಲ್ಲಿ ಸಿಡ್ನಿಯ ಪತ್ರಿಕೆಯೊಂದು ಬರೆಯಿತು. ನ್ಯೂ ಸೌತ್ ವೇಲ್ಸ್‌ನ ಸಾರಿಗೆ ಸಚಿವ ಮಿಲ್ಟನ್ ಮಾರಿಸ್ ಕೆಂಡವಾದರು. ಕೆಲವೇ ದಿನಗಳಲ್ಲಿ ಫೋರ್ಡ್, ಹೋಲ್ಡನ್, ಕ್ರೈಸ್ಲರ್ ಮೂರೂ ಕಂಪನಿಗಳು ತಮ್ಮ ಯೋಜನೆಗಳನ್ನು ಕೈಬಿಟ್ಟವು. ತಮಾಷೆಯೆಂದರೆ, ಬೈಗುಳದಂತಿದ್ದ ಅದೇ ಪದ 1997ರಲ್ಲಿ ‘ವಿ8 ಸೂಪರ್‌ಕಾರ್ಸ್’ ಎಂದು ರೇಸ್ ಸರಣಿಯ ಹೆಸರೇ ಆಯಿತು.

ನನಗೆ ನಿಜವಾಗಿ ತೊಡಕಾಗಿರುವುದು ಎರಡನೆಯ ತಲೆಮಾರು. 1980ರಿಂದ ರೇಸ್ ಚಾಲಕ ಪೀಟರ್ ಬ್ರಾಕ್ ಅವರ ಎಚ್‌ಡಿಟಿ ಸಂಸ್ಥೆ, ಹೋಲ್ಡನ್ ಕಾರ್ಖಾನೆಯಿಂದ ಬಂದ ಕಾಮಡೋರ್ ಕಾರುಗಳಿಗೆ ಬಿಗಿಯಾದ ಸಸ್ಪೆನ್ಷನ್, ಬೇರೆ ಚಕ್ರ, ಸ್ಪಾಯ್ಲರ್ ಹಾಕಿ, ಎಂಜಿನ್ನಿಗೂ ಕೈಯಾಡಿಸಿ, ಹೋಲ್ಡನ್ ಡೀಲರ್‌ಗಳ ಮೂಲಕವೇ ಮಾರಿತು. ಇಲ್ಲಿ ಮಾರ್ಪಾಡು ಇರುವುದು ನಿಜ. ಆದರೆ ಅದಕ್ಕೆ ಕಂಪನಿಯ ಮೊಹರೂ ಇದೆ. ‘ಗ್ರೂಪ್ ಎ’ ಎಂಬ ರೇಸ್ ವರ್ಗಕ್ಕೆಂದು ಮಾಡಿದ 1985ರ ಮಾದರಿಯಲ್ಲಂತೂ ಎಂಜಿನ್ನಿನ ಗಾತ್ರವನ್ನು 5,044 ಸಿಸಿಯಿಂದ 4,987ಕ್ಕೆ ಇಳಿಸಲಾಗಿತ್ತು. 5,000ದೊಳಗೆ ಬಂದರೆ ಆ ವರ್ಗದ ನಿಯಮದಂತೆ ರೇಸ್ ಕಾರು ಇನ್ನಷ್ಟು ಹಗುರವಾಗಿರಬಹುದು. ವೇಗಕ್ಕಾಗಿ ಎಂಜಿನ್ ಕುಗ್ಗಿಸುವ ಈ ಕೆಲಸಕ್ಕೆ ‘ಆಲ್ಟರ್’ ಎಂದರೆ ನಮ್ಮ ಮೆಕ್ಯಾನಿಕ್ ನಕ್ಕಾನು. 1987ರಲ್ಲಿ ಬ್ರಾಕ್ ಮತ್ತು ಹೋಲ್ಡನ್ ಬೇರೆಯಾದ ಮೇಲೆ ಎಚ್‌ಎಸ್‌ವಿ ಎಂಬ ಹೊಸ ಸಂಸ್ಥೆ ಈ ದಾರಿಯನ್ನು ಮುಂದುವರಿಸಿತು.

ಹಳೆಯ ಕಾರುಗಳ ಪೇಟೆಯಲ್ಲಿ ಚಾಲ್ತಿಯಿರುವ ‘ಕಂಪನಿ ಫಿಟ್ಟಿಂಗ್’ ಎಂಬ ಮಾತು ಎಚ್‌ಡಿಟಿ, ಎಚ್‌ಎಸ್‌ವಿ ಕಾರುಗಳಿಗೆ ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ಫೇಸ್ ತ್ರೀಯಂಥವಕ್ಕೆ ‘ರೇಸ್ ಅರ್ಹತೆಯ ಕಾರು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ‘ಮಾನ್ಯತಾ ಕಾರು’ ಎಂದರೆ ಸರ್ಕಾರಿ ಸುತ್ತೋಲೆಯ ಧಾಟಿ ಬರುತ್ತದೆ. ಮೋಟಾರು ಪತ್ರಿಕೋದ್ಯಮದಲ್ಲಿ ಇರುವವರು ಇವುಗಳಿಗೆ ಯಾವ ಪದ ಬಳಸುತ್ತೀರಿ? ‘ಸೂಪರ್‌ಕಾರ್’ ಅನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಲ್ಲಿ ಅರ್ಥ ವಿವರಿಸಿದರೆ ಸಾಕಾಗುವುದೇ?