ಜೀವಕೋಶ ಕಾಯುವುದು ‘ಸಮತೋಲನ’ವನ್ನೇ?

ಪ್ರಶ್ನೆ: ಜೀವಿ ತನ್ನ ಒಳಗಿನ ಸ್ಥಿತಿಯನ್ನು ಮಿತಿಯೊಳಗೆ ಕಾಯ್ದುಕೊಳ್ಳುವ ‘ಹೋಮಿಯೊಸ್ಟೇಸಿಸ್’ಗೆ ಸಮತೋಲನ, ಸಮಸ್ಥಿತಿ ಎರಡನ್ನೂ ಬಳಸುವುದುಂಟು. ಜೀವಕೋಶದ ಬಗ್ಗೆ ಬರೆಯುವಾಗ ಯಾವುದು ಸರಿ? ‘ಈಕ್ವಿಲಿಬ್ರಿಯಮ್’ಗೂ ಸಮತೋಲನ ಎಂದೇ ಬರೆದರೆ ಗೊಂದಲವಾಗದೆ?

ಉತ್ತರ: ಆಗುತ್ತದೆ, ಅದೂ ಸಣ್ಣ ಗೊಂದಲವಲ್ಲ. ತೋಲನ ಎಂದರೆ ತೂಗುವುದು. ಸಮತೋಲನ ಎಂದೊಡನೆ ಕಣ್ಣೆದುರು ಬರುವುದು ತಕ್ಕಡಿ. ಎರಡೂ ತಟ್ಟೆ ಸಮನಾದರೆ ಮುಳ್ಳು ನಿಂತಿತು, ಕೆಲಸ ಮುಗಿಯಿತು. ಜೀವಕೋಶದ ಒಳಗೂ ಹೊರಗೂ ಹಾಗೆ ಎಲ್ಲವೂ ಸಮನಾಯಿತೆಂದರೆ ಅದು ಸತ್ತಿದೆ.

ಲೆಕ್ಕ ನೋಡಿ. ಸಸ್ತನಿಗಳ ಜೀವಕೋಶದೊಳಗೆ ಪೊಟ್ಯಾಸಿಯಮ್ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗಿನ ದ್ರವದಲ್ಲಿ 4–5. ಸೋಡಿಯಮ್ ತಿರುಗಾಮುರುಗಾ: ಒಳಗೆ 10–15, ಹೊರಗೆ 145ರ ಆಸುಪಾಸು. ಕೋಶಪೊರೆಯಲ್ಲಿ ಸೋರಿಕೆ ಇದ್ದೇ ಇದೆ. ಸೋಡಿಯಮ್ ಒಳಕ್ಕೆ ನುಸುಳುತ್ತದೆ, ಪೊಟ್ಯಾಸಿಯಮ್ ಹೊರಕ್ಕೆ ಜಾರುತ್ತದೆ. ಪೊರೆಯಲ್ಲಿರುವ ಪಂಪ್, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣು ಖರ್ಚು ಮಾಡಿ ಮೂರು ಸೋಡಿಯಮ್ ಅಯಾನುಗಳನ್ನು (ವಿದ್ಯುದಂಶವಿರುವ ಕಣಗಳನ್ನು) ಹೊರದೂಡಿ, ಎರಡು ಪೊಟ್ಯಾಸಿಯಮ್ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ. ಊಬೈನ್ ಎಂಬ ಸಸ್ಯಜನ್ಯ ವಿಷ ಹಾಕಿ ಈ ಪಂಪನ್ನು ನಿಲ್ಲಿಸಿದರೆ ಸೋಡಿಯಮ್ ಒಳಗೆ ಸೇರುತ್ತಾ ಹೋಗುತ್ತದೆ, ಅದರ ಬೆನ್ನಿಗೆ ಕ್ಲೋರೈಡ್, ಆಮೇಲೆ ನೀರು, ಕೋಶ ಊದಿಕೊಳ್ಳುತ್ತದೆ. ತೂತುಬಿದ್ದ ದೋಣಿಯಿಂದ ನೀರು ಮೊಗೆದು ಚೆಲ್ಲುತ್ತಾ ತೇಲುತ್ತಿರುವವರನ್ನು ಕಂಡು ‘ಸಮತೋಲನ’ ಎನ್ನುತ್ತೇವೆಯೇ?

ಹಾಗಾಗಿ ಈಕ್ವಿಲಿಬ್ರಿಯಮ್‌ಗೆ ಸಮತೋಲನ, ಹೋಮಿಯೊಸ್ಟೇಸಿಸ್‌ಗೆ ಸಮಸ್ಥಿತಿ. ಸಮಸ್ಥಿತಿಯಲ್ಲೂ ಒಂದು ಕೊರತೆಯಿದೆ. 1926ರಲ್ಲಿ ‘ಹೋಮಿಯೊಸ್ಟೇಸಿಸ್’ ಪದ ಕಟ್ಟಿದ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಗ್ರೀಕ್‌ನ ‘ಹೋಮೊಸ್’ ಬಿಟ್ಟು ‘ಹೋಮೊಯೊಸ್’ ಆರಿಸಿಕೊಂಡರು. ಮೊದಲನೆಯದು ನಮ್ಮ ‘ಅದೇ’, ಎರಡನೆಯದು ‘ಅಂಥದೇ’. ರಕ್ತದ ಪಿಎಚ್ 7.35ರಿಂದ 7.45ರೊಳಗೆ ಓಲಾಡುತ್ತದಲ್ಲ, ಆ ಓಲಾಟಕ್ಕೆ ‘ಅಂಥದೇ’ ಜಾಗ ಕೊಡುತ್ತದೆ. ‘ಸಮ’ ಅಷ್ಟು ಕೊಡುವುದಿಲ್ಲ.

ಪಾರಿಭಾಷಿಕ ಬಿಗಿ ಬೇಡದ ಕಡೆ ‘ಹದ’ ಇದಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಹದ ಎಂದರೆ ಒಂದು ಬಿಂದುವಲ್ಲ, ಈ ಮಿತಿಯಿಂದ ಆ ಮಿತಿಯವರೆಗಿನ ಜಾಗ. ಅದು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಕಾಯಬೇಕು. ಕೆಟ್ಟಾಗ ಹೇಳಲು ‘ಹದಗೆಡು’ ಸಿದ್ಧವಾಗಿಯೇ ಇದೆ. ‘ಸಮಸ್ಥಿತಿಗೆಡು’ ಎಂದು ಯಾರು ಬರೆದಾರು?

ಜೊತೆಗೆ ಒಂದು ಎಚ್ಚರಿಕೆ. ಅಭಿಸರಣೆಯನ್ನು (ಆಸ್ಮೊಸಿಸ್, ಪೊರೆಯ ಮೂಲಕ ನೀರು ಹರಿಯುವುದು) ವಿವರಿಸುವಾಗ ‘ನೀರು ಕಡಿಮೆ ಸಾಂದ್ರತೆಯಿಂದ ಹೆಚ್ಚು ಸಾಂದ್ರತೆಯತ್ತ ಹರಿಯುತ್ತದೆ’ ಎಂದಷ್ಟೇ ಬರೆಯಬೇಡಿ. ಯಾವುದರ ಸಾಂದ್ರತೆ? ಭೌತವಿಜ್ಞಾನದಲ್ಲಿ ಸಾಂದ್ರತೆ (ಡೆನ್ಸಿಟಿ) ಬೇರೆಯೇ ಅಳತೆ; ಇಲ್ಲಿ ಬೇಕಾದದ್ದು ಸಾರತೆ (ಕಾನ್ಸೆಂಟ್ರೇಷನ್), ಅದೂ ನೀರಿನದಲ್ಲ, ಅದರಲ್ಲಿ ಕರಗಿರುವ ವಸ್ತುವಿನದು. ಕೆಂಪು ರಕ್ತಕಣವನ್ನು ಲೀಟರಿಗೆ 9 ಗ್ರಾಂ ಉಪ್ಪಿರುವ ನೀರಿನಲ್ಲಿಟ್ಟರೆ ಗಾತ್ರ ಬದಲಾಗದು. ಬರಿಯ ನೀರಿನಲ್ಲಿ ಒಡೆಯುತ್ತದೆ, 20 ಗ್ರಾಂ ಉಪ್ಪಿನಲ್ಲಿ ಮುದುಡುತ್ತದೆ.

ಆ 9 ಗ್ರಾಂ ದ್ರಾವಣದಲ್ಲಿ ‘ಸಮತೋಲನ’ ತಪ್ಪು ಪದವಲ್ಲ, ಆದರೆ ನೀರಿನ ಮಟ್ಟಿಗೆ ಮಾತ್ರ. ಎಷ್ಟು ನೀರು ಒಳಗೆ ಹೋಗುತ್ತದೋ ಅಷ್ಟೇ ಹೊರಗೆ ಬರುತ್ತದೆ. ಅಯಾನುಗಳ ಮಟ್ಟಿಗೆ ಅಲ್ಲಿಯೂ ಪಂಪ್ ದುಡಿಯುತ್ತಲೇ ಇರುತ್ತದೆ. ಹೀಗಾಗಿ ಎರಡು ಪದಗಳೂ ಒಂದೇ ವಾಕ್ಯದಲ್ಲಿ ಬರಬಹುದು: ‘ಪಂಪ್ ಅಯಾನುಗಳ ಸಮಸ್ಥಿತಿಯನ್ನು ಕಾಯುತ್ತಿರುವುದರಿಂದ ನೀರು ಸಮತೋಲನದಲ್ಲಿದೆ.’ ಇಲ್ಲಿ ಪದಗಳನ್ನು ಅದಲುಬದಲು ಮಾಡಿದರೆ ವಾಕ್ಯ ಸುಳ್ಳಾಗುತ್ತದೆ.