ಮಳೆಗಾಲದಲ್ಲಿ ವೆಲ್ಡಿಂಗ್ ರಾಡ್ ಒಣಗಿಸೋದು ಹೇಗೆ?

ಪ್ರಶ್ನೆ: ನಮ್ಮದು ಉಡುಪಿ ಕಡೆ ಗ್ರಿಲ್ ವರ್ಕ್‌ಶಾಪ್. ಜೂನ್ ಬಂತೆಂದರೆ ಪ್ಯಾಕೆಟ್ ಒಡೆದ ರಾಡ್ ಎಲ್ಲ ತೇವ ಹಿಡಿಯುತ್ತವೆ, ಆರ್ಕ್ (ರಾಡ್ ತುದಿಯ ವಿದ್ಯುತ್ ಕಿಡಿ) ಚಟಪಟ ಸಿಡಿಯುತ್ತದೆ, ಬೀಡ್ (ಬೆಸುಗೆಯ ಗೆರೆ) ತುಂಬ ಸಣ್ಣ ಸಣ್ಣ ತೂತು. 6013, 7018 ಎರಡೂ ನಮೂನೆ ರಾಡ್ ಇವೆ. ಬಿಸಿಲೇ ಇಲ್ಲ, ಏನು ಮಾಡಲಿ?

ಉತ್ತರ: ಎರಡನ್ನೂ ಒಂದೇ ಥರ ಕಾಯಿಸಬೇಡಿ. 6013ಕ್ಕೆ ಸುಮಾರು 100 ಡಿಗ್ರಿಯಲ್ಲಿ ಒಂದು ಗಂಟೆ ಸಾಕು. 7018ಕ್ಕೆ 300–350 ಡಿಗ್ರಿ ಬೇಕು, ಒಂದೆರಡು ಗಂಟೆ, ಬಿಸಿಲಿಗೆ ಅದು ಒಣಗೋದೇ ಇಲ್ಲ. ತೇವದಿಂದ ಬಂದ ಹೈಡ್ರೋಜನ್ ಬೆಸುಗೆ ಒಳಗೆ ಸೇರಿಕೊಂಡರೆ ದಪ್ಪ ಕಬ್ಬಿಣ ತಣ್ಣಗಾದ ಮೇಲೂ ಬಿರುಕು ಬಿಡಬಹುದು. ಪ್ಯಾಕೆಟ್ ಮೇಲೆ ಬರೆದ ಡಿಗ್ರಿ ನೋಡಿಯೇ ಕಾಯಿಸಿ.

ಇನ್ನೊಂದು ಉತ್ತರ: ಕಾಯಿಸಿದ 7018 ಅನ್ನು ಸುಮ್ನೆ ಹೊರಗಿಡಬೇಡಿ, 120 ಡಿಗ್ರಿ ದಾಟಿದ ಓವನ್‌ನಲ್ಲೇ ಇಟ್ಟು ಬೇಕಾದಷ್ಟೇ ತೆಗೆಯಿರಿ. ರಾಡ್ ಮೇಲಿನ ಲೇಪ (ಕೋಟಿಂಗ್) ಉದುರಿದ್ದರೆ ಎಸೆದುಬಿಡಿ.